ತೌಡಿಗೆ ಮಾರಿದ ಬೆಕ್ಕು

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಹಳೆಯ ಪ್ರಶ್ನೆಗೆ ಆ ಕಾಲಕ್ಕೆ ಉತ್ತರ ಸಿಕ್ಕಿಬಿಟ್ಟಿತ್ತು. ವಿಮಾ ಕಂಪನಿಯವರು ಕಟ್ಟುತ್ತಿದ್ದರು. ಅದು ನಿಜವಾದ ಗಂಟೆಯೇನಲ್ಲ, ಅವರೆಕಾಳಿನಷ್ಟು ದಪ್ಪದ ಒಂದು ಗುಂಡು. ಕೊರಳಪಟ್ಟಿಗೆ ಹೊಲಿದ ಆ ಗುಂಡು ಪ್ರಾಣಿಯ ನಾಡಿ ಎಣಿಸುತ್ತಿತ್ತು, ಉಸಿರು ಕೇಳುತ್ತಿತ್ತು, ಅದು ಎಲ್ಲಿ ಉಂಡಿತು, ಎಲ್ಲಿ ಮಲಗಿತು ಎಂದು ಗುರುತಿಟ್ಟುಕೊಳ್ಳುತ್ತಿತ್ತು. ಕಾಯಿಲೆ ಬಿದ್ದರೆ ಆಸ್ಪತ್ರೆಯ ಬಿಲ್ಲು ಯಜಮಾನರ ಕಣ್ಣಿಗೂ ಬೀಳದೆ ಕಂಪನಿಯಿಂದ ನೇರವಾಗಿ ಸಂದಾಯವಾಗುತ್ತಿತ್ತು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ ನಾಯಿ, ಬೆಕ್ಕು, ಆಡು ಯಾವುದನ್ನು ನೋಡಿದರೂ ಕೊರಳಲ್ಲಿ ಗುಂಡು. ಕೋಳಿಗಳಿಗೆ ಮಾತ್ರ ಕಾಲಿಗೆ ಕಟ್ಟಿದ್ದರು.

ಹೆಚ್ಚಿನವರಿಗೆ ವಿಮೆ ಬಂದ ಮೇಲೆ ಪ್ರಾಣಿಗಳ ಆಸ್ಪತ್ರೆಗಳೂ ಸುಮ್ಮನೆ ಕೂರಲಿಲ್ಲ. ಹೇಗೂ ಕಂಪನಿ ಕೊಡುತ್ತದಲ್ಲ ಎಂದು ದರ ಏರಿಸಿದವು. ವಿಮೆ ಇದ್ದವರಿಗೆ ಅದರ ಬಿಸಿ ತಟ್ಟಲಿಲ್ಲ. ಇಲ್ಲದವರು ಜ್ವರ ಬಂದ ನಾಯಿಯನ್ನು ಎತ್ತಿಕೊಂಡು ಆಸ್ಪತ್ರೆಯ ಗೇಟಿನವರೆಗೆ ಹೋಗಿ, ದರದ ಫಲಕ ನೋಡಿ, ಹಾಗೇ ವಾಪಸು ಬರುತ್ತಿದ್ದರು.

ಗುಂಡಿಗೆ ಇನ್ನೊಂದು ಕೆಲಸವೂ ಇತ್ತು. ಓದದೆ ಸಹಿ ಹಾಕಿ ಮೋಸಹೋದ ಜನರ ಗೋಳು ನೋಡಲಾರದೆ ಸರಕಾರ ಐದು ವರ್ಷದ ಹಿಂದೆ ಬಾಯಿಮಾತಿನ ಕಾಯ್ದೆ ತಂದಿತ್ತು. ಇನ್ನು ಮುಂದೆ ಕರಾರಿಗೆ ಕಾಗದ ಬೇಡ, ಮಾತು ಸಾಕು. ಒಬ್ಬರು ಕೊಟ್ಟೆ ಎನ್ನಬೇಕು, ಇನ್ನೊಬ್ಬರು ಕೊಂಡೆ ಎನ್ನಬೇಕು, ಬದಲಿಗೆ ಏನಾದರೂ ಕೈಬದಲಾಗಬೇಕು, ಒಬ್ಬ ಸಾಕ್ಷಿ ಇರಬೇಕು. ಆ ಮಾತು ಮನಸಾರೆ ಬಂತೋ ಇಲ್ಲವೋ ಎಂಬುದನ್ನು ಗುಂಡು ದನಿಯಲ್ಲೇ ತೂಗುತ್ತಿತ್ತು. ತಮಾಷೆಗೆ ಅಂದದ್ದು, ಸಿಟ್ಟಿಗೆ ಅಂದದ್ದು, ನಾಟಕಕ್ಕೆ ಅಂದದ್ದು ಎಲ್ಲ ಸೋಸಿ ಹೋಗುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಗಾದೆ ಮಾಡಿದ್ದರು. ಸರಕಾರ ಅದನ್ನೇ ಕಾನೂನು ಮಾಡಿತು, ಅಷ್ಟೆ. "ನಿನ್ನ ಮಾರಿಬಿಡ್ತೀನಿ ನೋಡು" ಎಂದು ಹಾಲಮ್ಮ ತನ್ನ ಬೆಕ್ಕಿಗೆ ದಿನಕ್ಕೆ ಹತ್ತು ಸಲ ಬೈಯುತ್ತಿದ್ದಳು. ಗುಂಡು ಅದನ್ನು ಒಮ್ಮೆಯೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಹಾಲಮ್ಮನಿಗೆ ಅರವತ್ತೆರಡು ವರ್ಷ. ಗಂಡ ತೀರಿಕೊಂಡ ಮೇಲೆ ಭಟ್ಟಿಯನ್ನು ತಾನೇ ನಡೆಸುತ್ತಿದ್ದಳು. ಹೊಗೆ ಹೋಗಿ ವಿದ್ಯುತ್ತಿನ ಒಲೆ ಬಂದಿದ್ದರೂ ಕಾದ ಮರಳಿನಲ್ಲಿ ಅಕ್ಕಿ ಹಾರಿಸಿ ಮಂಡಕ್ಕಿ ಅರಳಿಸುವುದು ಮೊದಲಿನ ಹಾಗೇ ಇತ್ತು. ಇಲಿಗಳೂ ಮೊದಲಿನ ಹಾಗೇ ಇದ್ದವು. ಆ ಇಲಿಗಳ ಮೇಲೆ ದಂಡೆತ್ತಿ ಹೋಗಲು ಅವಳು ಸಾಕಿದ ಗಂಡುಬೆಕ್ಕಿನ ಹೆಸರು ದಳವಾಯಿ. ಕೆಂಚು ಮೈ, ಹರಿದ ಎಡಗಿವಿ, ಊರೇ ತನ್ನದೆಂಬ ನಡಿಗೆ. ಅದು ಇಲಿ ಹಿಡಿದದ್ದಕ್ಕಿಂತ ಅಕ್ಕಿ ಮೂಟೆಯ ಮೇಲೆ ನಿದ್ದೆ ಹೊಡೆದದ್ದೇ ಹೆಚ್ಚು. ಹಾಲಮ್ಮ ಎದುರಿಗೆ ಬೈದು, ಹಿಂದಿನಿಂದ ಹೊಗಳುತ್ತಿದ್ದಳು.

ಅವಳ ಎದೆಯಲ್ಲಿ ಒಂದು ಹೆದರಿಕೆ ಇತ್ತು. ದಳವಾಯಿಗಿಂತ ಮೊದಲು ಸಾಕಿದ ಎರಡು ಬೆಕ್ಕುಗಳೂ ಮೂರು ವರ್ಷ ತುಂಬುವುದರೊಳಗೆ ಕಣ್ಮುಚ್ಚಿದ್ದವು. ಒಂದು ಲಾರಿಯ ಕೆಳಗೆ, ಇನ್ನೊಂದು ಏನೂ ಆಗದೆ ಸುಮ್ಮನೆ. ದಳವಾಯಿಗೆ ಈಗ ಮೂರು ತುಂಬುತ್ತಿತ್ತು. ಹುಟ್ಟಿದ ಮಕ್ಕಳೆಲ್ಲ ಸಾಯುವ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲಿಟ್ಟು, ಬೇಡದ ವಸ್ತುವೆಂಬಂತೆ ಒಂದು ಮೊರ ತೌಡಿಗೆ ನೆರೆಯವರಿಗೆ ಮಾರುವ ಶಾಸ್ತ್ರವನ್ನು ಆ ಸೀಮೆಯ ಹಳೆಯ ತಲೆಗಳು ಮರೆತಿರಲಿಲ್ಲ. ಸಾವು ಮನೆ ಬಾಗಿಲಿಗೆ ಬಂದು ಕೇಳಿದರೆ, ಇಲ್ಲಿ ನಮ್ಮ ಕೂಸು ಯಾವುದೂ ಇಲ್ಲವಲ್ಲ ಎನ್ನಬಹುದು. ಕೂಸಿಗೆ ಆಗುವುದು ಬೆಕ್ಕಿಗೆ ಯಾಕಾಗಬಾರದು ಎಂದು ಹಾಲಮ್ಮ ಯೋಚಿಸಿದಳು. ಓದಿದವರು ನಗಬಹುದು. ಅವಳು ನಗಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಗೋಡೆಯಾಚೆಯ ಖೈರುನ್ನೀಸಾಳನ್ನು ಕರೆದಳು. ಖೈರುನ್ನೀಸಾ ಮೂವತ್ತು ವರ್ಷದಿಂದ ಪಕ್ಕದ ಮನೆಯವಳು. ಎರಡು ಆಡು, ಹನ್ನೊಂದು ಕೋಳಿ ಸಾಕಿ, ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಭಟ್ಟಿಯ ಆಳು ಹುಲಿಗೆವ್ವ ಸಾಕ್ಷಿಗೆ ನಿಂತಳು. ಹಾಲಮ್ಮ ದಳವಾಯಿಯನ್ನು ಎತ್ತಿ ಹಿತ್ತಿಲಿನ ಕಸದ ಗುಡ್ಡೆಯ ಮೇಲಿಟ್ಟಳು.

"ಇದು ನಂದಲ್ಲ. ಬೇಕಾದೋರು ತಗೊಳ್ರಿ," ಎಂದು ಮೂರು ಸಲ ಹೇಳಿದಳು.

"ನಾನು ತಗೊಂಡೆ," ಎಂದಳು ಖೈರುನ್ನೀಸಾ.

"ಏನು ಕೊಡ್ತೀ?"

"ಒಂದು ಮೊರ ತೌಡು."

"ಕೊಟ್ಟೆ."

ಖೈರುನ್ನೀಸಾ ತೌಡು ಸುರಿದು, ಬೆಕ್ಕನ್ನು ಎತ್ತಿಕೊಂಡು, ಶಾಸ್ತ್ರದ ಕೊನೆಯ ಮಾತನ್ನೂ ತಪ್ಪದೆ ಆಡಿದಳು. "ನನ್ನ ಬೆಕ್ಕು ಸ್ವಲ್ಪ ದಿನ ನಿನ್ನ ಹತ್ರ ಬಿಟ್ಟಿರ್ತೀನಿ ಹಾಲಕ್ಕ, ನೋಡ್ಕೋ."

ಅಂದಿನಿಂದ ಹಳೇ ಹೆಸರು ಕರೆಯುವಂತಿಲ್ಲ. ಹಾಲಮ್ಮ ಅದನ್ನು ತೌಡ ಎಂದು ಕರೆಯತೊಡಗಿದಳು. ನಾವು ಕಥೆ ಹೇಳುವವರು, ನಮಗೆ ಆ ಕಟ್ಟಳೆ ಇಲ್ಲ; ದಳವಾಯಿ ಎಂದೇ ಕರೆಯೋಣ.

ಒಂಬತ್ತನೆಯ ದಿನ ಬೆಳಿಗ್ಗೆ ದಳವಾಯಿ ಮರಳಿನ ತಟ್ಟೆಯಲ್ಲಿ ಕುಂತು ತಿಣುಕಿತು. ಒಂದು ಹನಿ ಮೂತ್ರ ಬರಲಿಲ್ಲ. ಎದ್ದು, ಮತ್ತೆ ಕುಂತು, ಹಾಲಮ್ಮ ಹಿಂದೆಂದೂ ಕೇಳಿರದ ದನಿಯಲ್ಲಿ ಕೂಗಿತು. ಗುಂಡಿನ ದೀಪ ಕೆಂಪಾಗಿ, ಅವಳ ಫೋನು ತಾನಾಗಿಯೇ ಆಸ್ಪತ್ರೆಯ ಗಾಡಿಯನ್ನು ಕರೆಯಿತು.

ಆಸ್ಪತ್ರೆಯ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಮೂತ್ರದ ದಾರಿಗೆ ಹರಳು ಅಡ್ಡ ಕುಂತಿದೆ ಎಂದಳು. ನಳಿಗೆ ಹಾಕಿ ನೋಡಿದಳು, ಸರಿಯಲಿಲ್ಲ. ಸೂಜಿಯಿಂದ ಒಂದಿಷ್ಟು ನೀರು ಎಳೆದು, "ಇದರಿಂದ ಸಂಜೆವರೆಗೆ ತಡೀತದೆ ಅಷ್ಟೇ. ಅಷ್ಟರೊಳಗೆ ಕುಯ್ದು ದಾರಿ ಬಿಡಿಸ್ಬೇಕು. ಇಲ್ಲದಿದ್ರೆ ವಿಷ ರಕ್ತಕ್ಕೇರ್ತದೆ," ಎಂದಳು.

"ಕುಯ್ರಿ ಮತ್ತೆ, ಯಾಕ್ ತಡ?"

ಡಾಕ್ಟರಮ್ಮ ಮೂಲೆಯಲ್ಲಿದ್ದ ಯಂತ್ರ ತೋರಿಸಿದಳು. ಎರಡು ತೆಳ್ಳನೆಯ ಉಕ್ಕಿನ ಕೈಗಳು ಮಡಚಿಕೊಂಡು ಕುಂತಿದ್ದವು. "ವಿಮೆಯಿಂದ ಹಸಿರು ಬರ್ಬೇಕಮ್ಮ. ಅದು ಬರದೆ ಈ ಕೈ ಅಲ್ಲಾಡಲ್ಲ. ನಿಮ್ಮ ವಿಮೆ ಮುಗಿದೈತೆ ಅಂತ ತೋರಿಸ್ತಿದೆ."

ಹಾಲಮ್ಮ, ಕೈಯಿಂದ ಕಟ್ಟುವುದಾದರೆ ಎಷ್ಟು ಎಂದು ಕೇಳಿದಳು. ಆ ಮೊತ್ತಕ್ಕೆ ಭಟ್ಟಿಯನ್ನೇ ಮಾರಬೇಕಿತ್ತು. ಮೂರು ವರ್ಷದಿಂದ ತಿಂಗಳು ತಪ್ಪದೆ ಕಟ್ಟಿದ ವಿಮೆ ತಾನಾಗಿ ಮುಗಿಯುವುದೆಂದರೇನು? ಅವಳು ಖೈರುನ್ನೀಸಾಳಿಗೆ ಫೋನು ಮಾಡಿದಳು. ಖೈರುನ್ನೀಸಾ ಹೊಲಿಗೆ ಅರ್ಧಕ್ಕೆ ಬಿಟ್ಟು, ಸೂಜಿ ಸೆರಗಿಗೆ ಚುಚ್ಚಿಕೊಂಡೇ ಓಡಿ ಬಂದಳು. ಇಬ್ಬರೂ ಆಟೋ ಹಿಡಿದು ಪಿ.ಬಿ. ರಸ್ತೆಯ ಮೂಕಬಂಧು ವಿಮಾ ಕಂಪನಿಗೆ ಹೋದರು.

ಕಂಪನಿಯ ಮೇಲಂತಸ್ತಿನಲ್ಲಿ ಆಲಿಸುವ ಕೋಣೆ ಎಂಬುದೊಂದಿತ್ತು. ಒಂದು ಗೋಡೆಯ ತುಂಬ ಚುಕ್ಕಿಗಳು. ಜಿಲ್ಲೆಯ ಒಂದೊಂದು ಸಾಕುಪ್ರಾಣಿಗೂ ಒಂದೊಂದು. ಹೆಚ್ಚಿನವು ಹಸಿರು, ಅಲ್ಲಲ್ಲಿ ಹಳದಿ. ಅದರೆದುರು ಮೂವತ್ತು ಮಂದಿ ಕಿವಿಗೆ ಯಂತ್ರ ಹಾಕಿಕೊಂಡು, ಗುಂಡುಗಳಿಗೆ ಗೊಂದಲವಾದ ಮಾತುಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ಹಾಲಮ್ಮ ಗೋಡೆಯ ಮೇಲೆ ತನ್ನ ಬೆಕ್ಕನ್ನು ಹುಡುಕುತ್ತ ನಿಂತುಬಿಟ್ಟಳು. ಕೆಂಪು ಚುಕ್ಕಿಗಳು ನಾಲ್ಕೈದಿದ್ದವು, ಯಾವುದು ತನ್ನದೆಂದು ತಿಳಿಯಲಿಲ್ಲ.

ತನಿಖೆಯ ಅಧಿಕಾರಿ ಇಂದುಧರ ಅವರಿಬ್ಬರನ್ನೂ ಕುರ್ಚಿ ಕೊಟ್ಟು ಕೂರಿಸಿದ. ನಲವತ್ತರ ವಯಸ್ಸು, ದಿನವಿಡೀ ಬೇರೆಯವರ ಮಾತು ಕೇಳಿ ಕೇಳಿ ಬಳಲಿದ ಮುಖ.

"ಅಮ್ಮಾ, ಅಮಾವಾಸ್ಯೆ ದಿನ ಬೆಳಿಗ್ಗೆ ಒಂಬತ್ತೂಕಾಲಿಗೆ ನಿಮ್ಮ ವಿಮೆ ಮುಗೀತು. ಬೆಕ್ಕನ್ನ ನೀವು ಮಾರಿದೀರಿ."

"ಮಾರೀನಾ? ಯಾರಿಗೆ?"

ಅವನು ಮೇಜಿನ ಮೇಲಿನ ಯಂತ್ರದ ಗುಂಡಿ ಒತ್ತಿದ. ಕೋಣೆಯಲ್ಲಿ ಹಾಲಮ್ಮನ ದನಿ ಕೇಳಿಸಿತು. ಇದು ನಂದಲ್ಲ, ಬೇಕಾದೋರು ತಗೊಳ್ರಿ. ಆಮೇಲೆ ಇನ್ನೊಂದು ದನಿ, ನಾನು ತಗೊಂಡೆ.

"ಅಯ್ಯ, ಅದು ನಾನು!" ಎಂದಳು ಖೈರುನ್ನೀಸಾ. "ನನ್ನ ದನಿ ಇಷ್ಟು ಗೊಗ್ಗರು ಐತಾ?"

"ಅದು ಶಾಸ್ತ್ರ ಕಣಪ್ಪ," ಎಂದಳು ಹಾಲಮ್ಮ.

"ನನಗೆ ಗೊತ್ತಮ್ಮ. ನಮ್ಮಜ್ಜಿ ಊರಲ್ಲೂ ಮಾಡ್ತಿದ್ರು. ಆದರೆ ಗುಂಡಿಗೆ ಗೊತ್ತಿಲ್ಲ. ಕೊಟ್ಟೆ ಅಂದೋರು ಇದಾರೆ, ಕೊಂಡೆ ಅಂದೋರು ಇದಾರೆ, ತೌಡು ಕೈಬದಲಾಗಿದೆ, ಸಾಕ್ಷಿ ಇದೆ. ಬರೀ ಆಟಕ್ಕೆ ಅಂದಿದ್ರೆ ಗುಂಡು ಸೋಸಿಬಿಡ್ತಿತ್ತು. ನೀವು ಮನಸಾರೆ ಅಂದಿದೀರಿ. ನೂರಕ್ಕೆ ತೊಂಬತ್ತೊಂಬತ್ತು ತೂಕ ಬಂದಿದೆ. ಮದುವೆ ಮಂಟಪದಲ್ಲಿ ಒಪ್ಪಿದೆ ಅನ್ನೋರ ದನಿಗೂ ಅಷ್ಟು ಬರಲ್ಲ."

ಮನಸಾರೆ ಅನ್ನದಿದ್ದರೆ ಸಾವು ನಂಬೀತೇ? ಹಾಲಮ್ಮನಿಗೆ ಹೀಗೆ ಕೇಳಬೇಕೆನಿಸಿತು, ಕೇಳಲಿಲ್ಲ. ಸಾವನ್ನು ನಂಬಿಸಲು ಆಡಿದ ಮಾತನ್ನು ಕಂಪನಿ ನಂಬಿಬಿಟ್ಟಿತ್ತು.

"ಒಂದು ದಾರಿ ಇದೆ," ಎಂದ ಇಂದುಧರ. ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಅದು ನಿಜವಾದ ಮಾರಾಟ ಅಲ್ಲ, ಸುಳ್ಳು, ಬೆಕ್ಕು ನಂದೇ ಅಂತ ಒಂದೇ ಒಂದು ಮಾತು ಈ ಯಂತ್ರದ ಮುಂದೆ ಹೇಳಿ. ಇದು ಆ ಗುಂಡಿನ ಅಣ್ಣ ಇದ್ದಂಗೆ. ಹಳೇ ವಿಮೆ ಈ ನಿಮಿಷವೇ ಜೀವ ತಗೊಳ್ತದೆ. ನಾನು ಮೇಲಿನವರಿಗೆ ಬರೆದು ಹಾಕ್ತೀನಿ."

"ಅದೊಂದು ಆಗಲ್ಲಪ್ಪ."

"ಹಾಲಕ್ಕ!" ಎಂದಳು ಖೈರುನ್ನೀಸಾ.

"ಆಗಲ್ಲ ಅಂದೆ. ಸುಳ್ಳು ಅಂದ್ರೆ ಆ ಕಡೆಯಿಂದ ಸಾವೂ ಕೇಳಿಸ್ಕೊಳ್ತೈತಿ. ಕೇಳಿಸ್ಕೊಂಡ್ರೆ ಮುಗೀತು." ಹಾಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಂತಳು. "ನನ್ನನ್ನೂ ಹಿಂಗೇ ಮಾರಿದ್ರು. ನನಗಿಂತ ಮುಂಚೆ ಮೂರು ಗಂಡು ಕೂಸು ಹೋಗಿದ್ವು. ಸೂಲಗಿತ್ತಿಗೆ ಒಂದು ಮೊರ ತೌಡಿಗೆ ಕೊಟ್ಲು ನಮ್ಮವ್ವ. ಆಮೇಲೆ ಬದುಕಿರೋ ತನಕ ನನ್ನನ್ನ ಮಗಳೇ ಅನ್ಲಿಲ್ಲ. ಅವರ ಮನೆ ಕೂಸು, ಅವರ ಮನೆ ಕೂಸು ಅಂತಿದ್ಲು. ಸ್ಕೂಲಿಗೆ ಸೇರಿಸ್ವಾಗ ತಾಯಿ ಯಾರು ಅಂದ್ರೆ ಮೇಷ್ಟ್ರ ಮುಂದೂ ಬಾಯಿ ಬಿಡ್ಲಿಲ್ಲ, ನಮ್ಮಪ್ಪ ಹೇಳ್ದ. ಸಾಯೋ ದಿನ ನನ್ನ ಕೈ ಹಿಡ್ಕೊಂಡಿದ್ಲು. ಆವತ್ತೂ ಅನ್ಲಿಲ್ಲ. ನಾನು ಅರವತ್ತೆರಡು ವರ್ಷ ಬದುಕೀನಿ ನೋಡು."

ಇಂದುಧರ ಗಡಿಯಾರ ನೋಡಿದ. ಒಂದೂವರೆ ಆಗಿತ್ತು.

"ಆಯ್ತು ಹಾಲಕ್ಕ, ನಿಮ್ಮವ್ವ ದೊಡ್ಡವಳೇ," ಎಂದಳು ಖೈರುನ್ನೀಸಾ. "ಆದರೆ ಅಲ್ಲಿ ಅದು ಉಚ್ಚೆ ಹೊಯ್ಯಕ್ಕಾಗದೆ ಒದ್ದಾಡ್ತಾ ಐತಿ. ಹೇಳು. ನಿಮ್ಮ ಶಿವ ಮಾಫ್ ಮಾಡ್ತಾನೆ. ಮಾಡದಿದ್ರೆ ನಮ್ಮ ಅಲ್ಲಾಗೆ ನಾನು ಹೇಳ್ತೀನಿ."

ದಳವಾಯಿ ಬೆಳಿಗ್ಗೆ ಕೂಗಿದ ದನಿ ಹಾಲಮ್ಮನಿಗೆ ಇನ್ನೂ ಕೇಳುತ್ತಿತ್ತು. ಅವಳು ಯಂತ್ರದ ಹತ್ತಿರ ಬಗ್ಗಿ, ಕಣ್ಣು ಮುಚ್ಚಿ, ಅವ್ವನನ್ನು ಮನಸ್ಸಿನಲ್ಲೇ ಕ್ಷಮೆ ಕೇಳಿ ಅಂದಳು. "ಅದು ಸುಳ್ಳು. ಬೆಕ್ಕು ನಂದೇ."

ಯಂತ್ರದ ದೀಪ ಹಳದಿಯಾಗಿ ಮಿಟುಕಿ ಆರಿಹೋಯಿತು.

"ಒಪ್ಪಲಿಲ್ಲ," ಎಂದ ಇಂದುಧರ, ತನ್ನದೇ ತಪ್ಪೆಂಬಂತೆ. "ಹನ್ನೊಂದು ತೂಕ. ಹೇಳೋರಿಗೇ ತಮ್ಮ ಮಾತಿನ ಮೇಲೆ ನಂಬಿಕೆ ಇಲ್ಲ ಅಂತಿದೆ."

ಇನ್ನೊಮ್ಮೆ ಹೇಳಿದಳು. ಒಂಬತ್ತು ಬಂತು. ಹೇಳಲಾರದ ಮಾತನ್ನು ಹೇಳಿಯೂ ಆಯಿತು, ಅದರಿಂದ ಏನೂ ಆಗಲಿಲ್ಲ. ಹಾಲಮ್ಮ ತಲೆಯ ಮೇಲೆ ಕೈಹೊತ್ತು ಕುಂತು ಅತ್ತಳು. ಮೂವತ್ತು ಮಂದಿಯಲ್ಲಿ ನಾಲ್ಕೈದು ಜನ ಕಿವಿಯ ಯಂತ್ರ ತೆಗೆದು ಇತ್ತ ನೋಡಿದರು.

ಖೈರುನ್ನೀಸಾ ಸುಮ್ಮನೆ ಕೂರುವ ಹೆಂಗಸಲ್ಲ. ಅಳತೆ ತಪ್ಪಿದ ಬಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ ಇನ್ನೊಂದು ಉಡುಪು ಮಾಡಿಬಿಡುವ ಕೈ ಅವಳದು.

"ಅಲ್ಲ ಸಾಹೇಬ್ರೆ, ಹಂಗಾದ್ರೆ ಬೆಕ್ಕು ಈಗ ಯಾರ್ದು?"

"ನಿಮ್ಮದು."

"ನಂದಾ? ಕಾಯ್ದೆ ಪ್ರಕಾರ?"

"ಪೂರ್ತಿ ನಿಮ್ಮದು."

"ಮತ್ತೆ ನನಗೂ ವಿಮೆ ಐತಲ್ಲ! ನಿಮ್ಮ ಕಂಪನೀದೇ, ಹಟ್ಟಿ ವಿಮೆ. ಆಡು, ಕೋಳಿ ಎಲ್ಲ ಸೇರಿ. ಹೋದ ವರ್ಷ ಕರಿ ಆಡಿಗೆ ಹೊಟ್ಟೆ ಉಬ್ಬರಿಸಿದಾಗ ನೀವೇ ಕೊಟ್ರಿ."

ಇಂದುಧರ ನೆಟ್ಟಗೆ ಕುಂತ. ಬೆರಳು ಚಕಚಕ ಆಡಿದವು. ಹಟ್ಟಿ ವಿಮೆಯ ಕರಾರನ್ನು ಜೋರಾಗಿಯೇ ಓದಿದ. ಹಟ್ಟಿಗೆ ಹೊಸದಾಗಿ ಕೊಂಡ ಪ್ರಾಣಿಗೆ ಕೊಂಡ ಗಳಿಗೆಯಿಂದಲೇ ವಿಮೆ ಉಂಟು, ಕೊಂಡಾಗ ಅದು ಆರೋಗ್ಯವಾಗಿದ್ದರೆ. ಅಮಾವಾಸ್ಯೆಯ ದಿನ ಗುಂಡು ಹಸಿರಾಗಿಯೇ ಇತ್ತು. ಕೊಂಡದ್ದನ್ನು ಹದಿನೈದು ದಿನದವರೆಗೆ ಬೇರೆಯವರ ಹತ್ತಿರ ಬಿಟ್ಟಿರಬಹುದು. ಇವತ್ತಿಗೆ ಒಂಬತ್ತು ದಿನ.

"ಆಗ್ತದೆ!" ಎಂದ. ಆಮೇಲೆ ಅವನ ಮುಖ ಸಣ್ಣಗಾಯಿತು. "ಆದರೆ ಇನ್ನೊಂದು ಷರತ್ತಿದೆ. ಕಾಯಿಲೆ ಪ್ರಾಣಿಗಳನ್ನ ವಿಮೆ ಇದ್ದೋರ ಹೆಸರಿಗೆ ಮಾರಿ ಮೋಸ ಮಾಡೋದು ಹೆಚ್ಚಾಯ್ತು ಅಂತ ಹಾಕಿದ್ದು. ಬಿಲ್ಲು ಕೊಟ್ಟ ಮೇಲೆ ಒಂದು ವರ್ಷ ಪ್ರಾಣಿ ಕೊಂಡವರ ಮನೇಲೇ ಉಣ್ಬೇಕು, ಅಲ್ಲೇ ಮಲಗ್ಬೇಕು. ಮಾರಿದವರ ಮನೇಲಿ ಉಂಡ್ರೆ, ಮಲಗಿದ್ರೆ ಗುಂಡಿಗೆ ಗೊತ್ತಾಗ್ತದೆ. ಮಾರಾಟ ನಾಟಕ ಅಂತ ಬಿಲ್ಲೆಲ್ಲ ವಾಪಸು ವಸೂಲಾಗ್ತದೆ."

ಹಾಲಮ್ಮ ಮುಖ ಒರೆಸಿಕೊಂಡಳು. "ಬದುಕ್ತೈತಲ್ಲ?"

"ಸಂಜೆಯೊಳಗೆ ಕುಯ್ದ್ರೆ ಬದುಕ್ತದೆ."

"ಕೇಳು ನಿನ್ನ ಯಂತ್ರಕ್ಕೆ."

ಯಂತ್ರ ಮೊದಲು ಖೈರುನ್ನೀಸಾಳನ್ನು ಕೇಳಿತು. ಅವಳು ಗೆಳತಿಯ ಮುಖ ನೋಡಿದಳು. ಹಾಲಮ್ಮ ತಲೆಯಾಡಿಸಿದಳು. "ಬೆಕ್ಕು ನಂದು," ಎಂದಳು ಖೈರುನ್ನೀಸಾ. ಆಮೇಲೆ ಹಾಲಮ್ಮನ ಸರದಿ. "ಕೊಟ್ಟೀನಿ. ಅದು ಅವಳ್ದು," ಎಂದಳು. ಹೇಳುವಾಗ 'ಅವರ ಮನೆ ಕೂಸು' ಎನ್ನುತ್ತಿದ್ದ ಅವ್ವನ ಬಾಯಿ ನೆನಪಾಯಿತು. ಅದೆಷ್ಟು ಸಲ ಆ ಮಾತು ಅವಳ ಗಂಟಲು ಕೊಯ್ದಿತ್ತೋ ಎಂದು ಮೊದಲ ಸಲ ತಿಳಿದು, ಅವ್ವನ ಮೇಲೆ ಎಂದೂ ಬಾರದಷ್ಟು ಪ್ರೀತಿ ಬಂತು.

ದೀಪ ಹಸಿರಾಯಿತು. ಅತ್ತ ಆಸ್ಪತ್ರೆಯಲ್ಲಿ ಉಕ್ಕಿನ ಕೈಗಳು ಮಡಿಕೆ ಬಿಚ್ಚಿದವು.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮೂರನೆಯ ದಿನ ದಳವಾಯಿ ಖೈರುನ್ನೀಸಾಳ ಮನೆಗೆ ಬಂತು. ಹೊಲಿಗೆ ನೆಕ್ಕದಿರಲೆಂದು ಕೊರಳಿಗೆ ಅಗಲವಾದ ತಗಡಿನಂಥ ಪಟ್ಟಿ, ಹಿಂಭಾಗ ಬೋಳಿಸಿದ ಮೈ. ದಂಡನಾಯಕನ ಠೀವಿಯೆಲ್ಲ ಇಳಿದುಹೋಗಿತ್ತು. ಹಾಲಮ್ಮ ತನ್ನ ಮನೆಯ ಬಾಗಿಲು ಹಾಕಿಕೊಂಡು ಒಳಗಿದ್ದಳು. ತಾನು ಕಣ್ಣಿಗೆ ಬಿದ್ದರೆ ಅದು ಹಿಂದೆಯೇ ಬಂದೀತೆಂಬ ಭಯ. ಗೋಡೆಯಾಚೆ ಅದು ಮಿಯಾಂ ಎಂದಾಗಲೆಲ್ಲ ಭಟ್ಟಿಯ ಒಲೆಯನ್ನು ಜೋರು ಮಾಡಿ, ಮರಳಿನ ಸದ್ದಿನಲ್ಲಿ ಕಿವಿ ತುಂಬಿಕೊಂಡಳು. ಹುಲಿಗೆವ್ವ, "ಯಾಕವ್ವ, ಮಂಡಕ್ಕಿ ಸೀದು ಹೋಗ್ತಾವೆ," ಎಂದು ಎರಡು ಸಲ ಹೇಳಿದಳು.

ಎರಡು ದಿನ ಕಳೆದು, ಬೆಳಿಗ್ಗೆ ಹತ್ತರ ಹೊತ್ತಿಗೆ ಖೈರುನ್ನೀಸಾ ಗೋಡೆಯ ಮೇಲೆ ಮುಖ ಹಾಕಿದಳು.

"ಹಾಲಕ್ಕ, ಅದು ಏನೂ ತಿಂತಿಲ್ಲ. ಹಾಲು ಕೊಟ್ಟೆ, ಮೂಸಲಿಲ್ಲ. ಮೀನು ತಂದು ಬೇಯಿಸಿ ಮುಳ್ಳು ಬಿಡಿಸಿ ಇಟ್ಟೆ, ಕೋಳಿ ತಿಂದು ಹೋಯ್ತು. ಡಾಕ್ಟರಮ್ಮನ್ನ ಕೇಳಿದ್ರೆ, ಇವತ್ತೂ ತಿನ್ನದಿದ್ರೆ ಪಿತ್ತಜನಕಾಂಗ ಕೈ ಕೊಡ್ತೈತಿ, ಬೆಕ್ಕಿಗೆ ಉಪವಾಸ ಆಗಿ ಬರಲ್ಲ ಅಂತಾಳೆ. ಏನು ಮಾಡ್ಲಿ?"

ಹಾಲಮ್ಮ ಜರಡಿ ಕೆಳಗಿಟ್ಟಳು. "ಅದು ಒಂಟಿಯಾಗಿ ತಿನ್ನಲ್ಲ ಖೈರೂ. ಮರಿ ಇದ್ದಾಗ್ಲಿಂದ ನನ್ನ ತಟ್ಟೆ ಅಂಚಿಗೇ ಉಂಡಿದ್ದು. ನಾನು ಒಂದು ತುತ್ತು ಬಾಯಿಗೆ ಹಾಕೋದನ್ನ ನೋಡ್ಬೇಕು, ಆಮೇಲೆ ಬಾಯಿ ಹಾಕ್ತೈತಿ. ನನ್ನದೇ ತಪ್ಪು, ಹಂಗೆ ಮುದ್ದು ಮಾಡಿ ಕೆಡಿಸಿದೆ."

"ಹಂಗಾದ್ರೆ ಬಾ. ನಮ್ಮನೇಲಿ ಕುಂತು ಉಣ್ಣು. ಅದು ನಮ್ಮನೇಲೇ ಉಂಡಂಗಾಗ್ತೈತಿ, ಕಂಪನಿಗೂ ತಕರಾರಿಲ್ಲ."

ಹಾಲಮ್ಮ ಕೆಳಗಿಟ್ಟ ಜರಡಿಯನ್ನು ಮತ್ತೆ ಕೈಗೆತ್ತಿಕೊಂಡಳು. ಖೈರುನ್ನೀಸಾ ಕೂಡ ಅಂದುಬಿಟ್ಟ ಮೇಲೆ ಕಣ್ಣು ಬೇರೆ ಕಡೆ ತಿರುಗಿಸಿದಳು.

ಮೂವತ್ತು ವರ್ಷದಲ್ಲಿ ಆ ಗೋಡೆಯ ಮೇಲೆ ಏನೆಲ್ಲ ಕೈಬದಲಾಗಿತ್ತು. ಮಂಡಕ್ಕಿ, ಮೊಟ್ಟೆ ಮಾರಿದ ಚಿಲ್ಲರೆ, ಜ್ವರದ ಮಾತ್ರೆ, ಹೊಲಿಸಿದ ರವಿಕೆ. ಹಾಲಮ್ಮನ ಗಂಡ ಸತ್ತಾಗ ಹನ್ನೊಂದು ದಿನ ಖೈರುನ್ನೀಸಾ ಅವಳ ಪಕ್ಕದಲ್ಲೇ ಕುಂತಿದ್ದಳು. ಆದರೆ ಹಾಲಮ್ಮ ಆ ಮನೆಯಲ್ಲಿ ಒಂದು ಲೋಟ ನೀರು ಕುಡಿದಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದವರು ಮಾಂಸ ಬೇಯುವ ಮನೆಯಲ್ಲಿ ಉಣ್ಣುವುದುಂಟೇ ಎಂದು ಬೆಳೆದವಳು. ಮೊದಮೊದಲು ಕರೆದಾಗ, ಈಗಷ್ಟೇ ಉಂಡೆ ಎನ್ನುತ್ತಿದ್ದಳು. ಇಲ್ಲವೇ, ಇವತ್ತು ಸೋಮವಾರ ಎನ್ನುತ್ತಿದ್ದಳು. ವಾರದಲ್ಲಿ ಎಷ್ಟು ಸೋಮವಾರಗಳಿರುತ್ತವೆಂದು ಖೈರುನ್ನೀಸಾ ಕೇಳಲಿಲ್ಲ. ಕ್ರಮೇಣ ಕರೆಯುವುದನ್ನೇ ಬಿಟ್ಟಿದ್ದಳು.

"ಬರ್ತೀನಿ," ಎಂದಳು ಹಾಲಮ್ಮ.

ಒಳಗೆ ಹೋಗಿ ಮುಖ ತೊಳೆದಳು. ತನ್ನ ತಟ್ಟೆಗೆ ಒಂದು ಜೋಳದ ರೊಟ್ಟಿ, ಸ್ವಲ್ಪ ಅನ್ನ, ಹಾಲು ಹಾಕಿಕೊಂಡಳು. ಮೇಲೆ ಬಟ್ಟೆ ಮುಚ್ಚಿದಳು. ಅವರ ಮನೆಯಲ್ಲಿ ಕುಂತು ತನ್ನದನ್ನು ಉಂಡರೆ ಬೆಕ್ಕೂ ಉಳಿಯಿತು, ನೇಮವೂ ಉಳಿಯಿತು ಎಂದು ಲೆಕ್ಕ ಹಾಕಿ, ತನ್ನ ಜಾಣತನಕ್ಕೆ ತಾನೇ ತುಸು ನಿರಾಳಳಾಗಿ ಬೀದಿಯ ಕಡೆಯಿಂದ ಸುತ್ತಿ ಬಂದು ಬಾಗಿಲಲ್ಲಿ ನಿಂತಳು.

ಖೈರುನ್ನೀಸಾ ಬಾಗಿಲು ತೆರೆದವಳು ಮುಖ ನೋಡಿ ನಕ್ಕಳು. ಆಮೇಲೆ ಕೈ ನೋಡಿದಳು.

"ತಟ್ಟೆ ತಂದೀಯಾ," ಎಂದಳು.

ಅಷ್ಟೇ ಅಂದದ್ದು. ದನಿಯಲ್ಲಿ ಸಿಟ್ಟಿರಲಿಲ್ಲ. ಒಳ್ಳೆಯದಾಯ್ತು ಬಿಡು ಎನ್ನುವಂತೆ ದಾರಿ ಬಿಟ್ಟು ನಿಂತಳು. ಹಾಲಮ್ಮನಿಗೆ ಮಾತ್ರ ಮೈಯೆಲ್ಲ ಬೆಂಕಿ ಬಿದ್ದಂತೆ ನಾಚಿಕೆಯಾಯಿತು. ತನ್ನ ಬೆಕ್ಕನ್ನು ನಂದು ಎಂದು ಯಂತ್ರದ ಮುಂದೆ ಮನಸಾರೆ ಅಂದವಳು ಇವಳು. ಎರಡು ದಿನದಿಂದ ಕೂತು ಮೀನಿನ ಮುಳ್ಳು ಬಿಡಿಸಿದವಳು ಇವಳು. ಜೀವವನ್ನು ಇವಳ ಕೈಗೆ ಕೊಡಬಹುದು, ಇವಳ ಕೈಯ ಅನ್ನ ತಿನ್ನಬಾರದು, ಇದೆಂಥ ನೇಮ?

ಅವಳು ತಟ್ಟೆಯನ್ನು ಹೊರಗಿನ ಕಟ್ಟೆಯ ಮೇಲಿಟ್ಟು, ಚಪ್ಪಲಿ ಬಿಟ್ಟು ಒಳಗೆ ಹೋದಳು.

"ಏನ್ ಅಡಿಗೆ ಮಾಡೀಯ?"

ಖೈರುನ್ನೀಸಾ ಒಂದು ಗಳಿಗೆ ತಬ್ಬಿಬ್ಬಾದಳು. "ಬೇಳೆ ಸಾರು, ಅನ್ನ. ಬೆಕ್ಕಿಗೆ ಹಾಲು ಐತಿ. ಹಾಲಕ್ಕ, ಪಾತ್ರೆ ಎಲ್ಲ ನಮ್ಮವೇ. ಹೊಸದು ಯಾವ್ದೂ ಇಲ್ಲ."

"ನಾನೇನು ಪಾತ್ರೆ ತಿಂತೀನಾ? ಹಾಕು."

ಅಡಿಗೆಮನೆಯ ನೆಲದ ಮೇಲೆ ಹಾಲಮ್ಮ ಕುಂತಳು. ಬಾಗಿಲಾಚೆಯ ಮಂಚದ ಕೆಳಗಿನಿಂದ ದಳವಾಯಿಯ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು, ಅದು ಮಾತ್ರ ಬರಲಿಲ್ಲ. ಖೈರುನ್ನೀಸಾ ಅನ್ನ ಬಡಿಸಿ, ಸಾರು ಹಾಕಿ, ಅಂಚಿನಲ್ಲಿ ಹಾಲನ್ನ ಕಲಸಿಟ್ಟಳು. ಹಾಲಮ್ಮ ಕೊರಳಿನ ಲಿಂಗವನ್ನು ಸೆರಗಿನ ಮೇಲಿನಿಂದಲೇ ಒಮ್ಮೆ ಮುಟ್ಟಿಕೊಂಡು ಮೊದಲ ತುತ್ತು ಬಾಯಿಗಿಟ್ಟಳು. ಅದು ಗಂಟಲಲ್ಲಿ ನಿಂತಿತು. ಅರವತ್ತೆರಡು ವರ್ಷದ ಅಭ್ಯಾಸ ಸುಲಭಕ್ಕೆ ದಾರಿ ಬಿಡುತ್ತದೆಯೇ? ನುಂಗಿದಳು. ಎರಡನೆಯದು ಸರಾಗವಾಗಿ ಇಳಿಯಿತು.

ದಳವಾಯಿ ಮಂಚದ ಕೆಳಗಿನಿಂದ ಹೊರಬಂತು. ಕೊರಳಿನ ಅಗಲ ಪಟ್ಟಿ ನೆಲಕ್ಕೆ ತಾಗಿ ಸದ್ದಾಯಿತು. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಅವಳ ಬಾಯನ್ನೇ ನೋಡುತ್ತ, ತಟ್ಟೆಯ ಹತ್ತಿರ ಬಂದು ಮೂಸಿತು. ಅದು ಅಂಚಿನ ಹಾಲನ್ನಕ್ಕೆ ನಾಲಿಗೆ ಹಚ್ಚಿತು. ಒಮ್ಮೆ, ಇನ್ನೊಮ್ಮೆ, ಆಮೇಲೆ ತಲೆ ಎತ್ತದೆ ಲೊಚಲೊಚನೆ ತಿಂದಿತು.

ಹಾಲಮ್ಮನ ಕಣ್ಣಲ್ಲಿ ನೀರು ಸುರಿಯಿತು. "ಸಾರಿಗೆ ಖಾರ ಜಾಸ್ತಿ ಆಗೈತಿ," ಎಂದಳು.

"ಮೂವತ್ತು ವರ್ಷಕ್ಕೊಂದ್ಸಲ ಉಣ್ಣಕ್ಕೆ ಬಂದು ಹೆಸರಿಡ್ತೀಯಲ್ಲ," ಎಂದಳು ಖೈರುನ್ನೀಸಾ. ಅವಳಿಗೆ ಯಾವ ಖಾರವೂ ತಾಗಿರಲಿಲ್ಲ, ಆದರೂ ಮೂಗು ಒರೆಸಿಕೊಂಡಳು.

ಹೊಟ್ಟೆ ತುಂಬಿದ ದಳವಾಯಿ ಬಾಯಿ ನೆಕ್ಕಿಕೊಂಡು, ಯಾರಿಗೂ ಸೊಪ್ಪು ಹಾಕದೆ, ಮಂಚದ ಕೆಳಗೆ ಹೋಗಿ ಮಲಗಿತು. ಕೊರಳಿನ ಗುಂಡು ಹಸಿರಾಗಿತ್ತು. ಬಂದ ಕೆಲಸ ಮುಗಿದಿತ್ತು, ಹಾಲಮ್ಮ ಬೇಕಾದರೆ ಏಳಬಹುದಿತ್ತು. ಅವಳು ಮಂಚದ ಕಡೆ ನೋಡಿದಳು, ಖೈರುನ್ನೀಸಾಳ ಕಡೆ ನೋಡಿದಳು, ಆಮೇಲೆ ಖಾಲಿಯಾಗುತ್ತಿದ್ದ ತಟ್ಟೆಯನ್ನು ಮುಂದಕ್ಕೆ ಸರಿಸಿದಳು.

"ಇನ್ನೊಂದು ಸೌಟು ಅನ್ನ ಹಾಕು," ಎಂದಳು.